ಮಡಚದ ಚೂರಿಯ ಪರವಾಗಿ

ನಮ್ಮ ಬಳಗದ ಕಳೆದ ಮಳೆಗಾಲದ ವಿಹಾರದಲ್ಲಿ ಅನಾನಸು ಹೆಚ್ಚುವ ಹೊತ್ತಿಗೆ ಗೆಳೆಯರೊಬ್ಬರು ಚೀಲದಿಂದ ತೊಗಲಿನ ಒರೆಯೊಂದನ್ನು ತೆಗೆದು, ಅದರೊಳಗಿನಿಂದ ಮೂರು ಇಂಚಿನ ಅಲಗಿನ ಸಣ್ಣ ಚೂರಿಯನ್ನು ಹೊರಗೆಳೆದರು. ಮಾತು ತಟ್ಟನೆ ನಿಂತಿತು. ‘ಇದನ್ನು ದಿನವೂ ಇಟ್ಟುಕೊಂಡು ತಿರುಗುತ್ತೀರಾ?’ ಎಂದು ಹಿರಿಯರೊಬ್ಬರು ಗಾಬರಿಯಿಂದ ಕೇಳಿದರು. ಹಾಗೆ ಕೇಳಿದವರ ಜೇಬಿನಲ್ಲಿ ಅಷ್ಟೇ ಉದ್ದದ ಅಲಗಿನ ಮಡಚುವ ಚಾಕುವಿತ್ತು. ‘ನಾನೂ ಇಟ್ಟುಕೊಳ್ಳುತ್ತೇನೆ, ಆದರೆ ಇಂಥದ್ದು’ ಎನ್ನುತ್ತ ಅದನ್ನು ಅವರೇ ತೆಗೆದು ತೋರಿಸಿದರು. ಅದನ್ನು ಕಂಡು ಯಾರೂ ಬೆಚ್ಚಲಿಲ್ಲ.

ಎರಡೂ ಉಕ್ಕು, ಎರಡೂ ಹರಿತ, ಎರಡರ ಉದ್ದವೂ ಒಂದೇ. ಆದರೂ ಒಂದು ಸಭ್ಯರ ಸಲಕರಣೆ, ಇನ್ನೊಂದು ಪುಂಡರ ಆಯುಧ ಎಂಬ ಭಾವನೆ ನಮ್ಮಂಥ ನಗರವಾಸಿಗಳಲ್ಲಿ ಬೇರೂರಿದೆ. ಈ ಭಾವನೆ ತಲೆಕೆಳಗಾದದ್ದು ಎಂಬುದು ನಮ್ಮ ವಾದ. ದಿನಬಳಕೆಗೆಂದು ಚೂರಿ ಇಟ್ಟುಕೊಳ್ಳುವವರಿಗೆ ಮಡಚದ ಸಣ್ಣ ಚೂರಿಯೇ ಮೇಲು. ಉಪಯೋಗದಲ್ಲೂ ಮೇಲು, ಪ್ರಾಮಾಣಿಕತೆಯಲ್ಲೂ ಮೇಲು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆತ್ಮರಕ್ಷಣೆಗೆಂದು ಚೂರಿ ಇಟ್ಟುಕೊಳ್ಳುವವರ ಪರವಾಗಿ ನಾವು ಮಾತನಾಡುತ್ತಿಲ್ಲ. ಜಗಳದಲ್ಲಿ ಹೊರಬಂದ ಚೂರಿ ಯಾರನ್ನೂ ರಕ್ಷಿಸಿದ್ದನ್ನು ನಾವು ಕಂಡಿಲ್ಲ. ಹಣ್ಣು ಹೆಚ್ಚಲು, ಹುರಿ ಕತ್ತರಿಸಲು, ಪಾರ್ಸೆಲ್ ಬಿಚ್ಚಲು, ಪೆನ್ಸಿಲು ಚೂಪು ಮಾಡಲು, ಬಾಲ್ಕನಿಯ ಕುಂಡದ ಒಣಗಿದ ಟೊಂಗೆ ಸವರಲು ಬೇಕಾಗುವ ಸಲಕರಣೆಯ ಬಗ್ಗೆ ಮಾತ್ರ ನಮ್ಮ ಮಾತು.

ಮಡಚುವ ಚಾಕುವಿನ ನಡುವೆ ಒಂದು ಕೀಲಿದೆ, ಅದರ ದೋಷಗಳೆಲ್ಲ ಆ ಕೀಲಿನಲ್ಲಿವೆ. ಅಲಗಿನ ಮೇಲೆ ಬೀಳುವ ಒತ್ತಡವೆಲ್ಲ ಒಂದು ಸಣ್ಣ ಮೊಳೆಯ ಮೇಲೆ ನಿಲ್ಲುತ್ತದೆ. ಅಲಗು ಅಡಗುವ ಸಂದಿನಲ್ಲಿ ಹಣ್ಣಿನ ರಸ, ಬೆಲ್ಲದ ಅಂಟು, ಜೇಬಿನ ದೂಳು ಸೇರಿಕೊಳ್ಳುತ್ತವೆ. ತೊಳೆದರೆ ಒಳಗೆ ನೀರು ಉಳಿಯುತ್ತದೆ. ಮುಂಬಯಿ, ಚೆನ್ನೈಗಳ ಉಪ್ಪುಗಾಳಿಯಲ್ಲಿ ಅದು ತುಕ್ಕಾಗಲು ಹೆಚ್ಚು ದಿನ ಬೇಡ. ಇವೆಲ್ಲಕ್ಕಿಂತ ದೊಡ್ಡ ದೋಷ ಬೆರಳಿಗೆ ಸಂಬಂಧಿಸಿದ್ದು. ಬರಿಯ ಸ್ಪ್ರಿಂಗಿನ ಬಿಗಿತದಿಂದ ತೆರೆದು ನಿಲ್ಲುವ ಹಳೆಯ ಮಾದರಿಯ ಚಾಕುವಿನ ಅಲಗು, ಬೆನ್ನಿನ ಕಡೆಯಿಂದ ಒತ್ತಡ ಬಿದ್ದರೆ ಹಿಡಿದ ಕೈಯ ಮೇಲೆಯೇ ಮಡಚಿಕೊಳ್ಳುತ್ತದೆ. ನಮ್ಮ ಬಳಗದವರೊಬ್ಬರ ತೋರುಬೆರಳಿನ ಮೂರು ಹೊಲಿಗೆಗಳು ಹಾಗೆ ಬಿದ್ದವು. ಇದು ಚಾಕು ಮಾಡುವವರಿಗೆ ತಿಳಿಯದ ಸಂಗತಿಯೇನಲ್ಲ. ಫ್ರಾನ್ಸಿನ ಸವೊಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಮಡಚುವ ಚಾಕು ಜಗತ್ಪ್ರಸಿದ್ಧ. ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರ ಅದಕ್ಕೆ ಸೇರಿದ್ದು 1955ರಲ್ಲಿ. ಅನಂತರ ಬಂದ ಬಗೆಬಗೆಯ ಬೀಗಗಳ ಗುರಿಯೂ ಒಂದೇ: ಮಡಚುವ ಚಾಕುವನ್ನು, ಕೆಲಸದ ಹೊತ್ತಿಗಾದರೂ, ಮಡಚದ ಚಾಕುವನ್ನಾಗಿ ಮಾಡುವುದು.

ಮಡಚದ ಚೂರಿಗೆ ಈ ಸಾಹಸ ಬೇಕಿಲ್ಲ. ಅಲಗಿನ ಬಾಲವೇ ಹಿಡಿಯೊಳಗೆ ಸಾಗಿರುವುದರಿಂದ ಅಲಗು, ಹಿಡಿಗಳೆರಡೂ ಒಂದೇ ತುಂಡಿನಂತೆ ನಿಲ್ಲುತ್ತವೆ. ನಲ್ಲಿಯಡಿ ತೊಳೆದು, ಬಟ್ಟೆಯಲ್ಲಿ ಒರೆಸಿದರೆ ಆರೈಕೆ ಮುಗಿಯಿತು. ಹಸಿಯಾದ ಅಲಗನ್ನು ತೊಗಲಿನ ಒರೆಗೆ ಸೇರಿಸದಿರುವ ಎಚ್ಚರ ಮಾತ್ರ ಬೇಕು. ಮಡಚುವ ಚಾಕು ಅರ್ಧ ಜಾಗದಲ್ಲಿ ಅಡಗುತ್ತದೆ, ಅದಕ್ಕೆ ಒರೆಯ ಹಂಗಿಲ್ಲ ಎಂಬುದು ನಿಜ. ಅದರ ಈ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೂರು ಇಂಚಿನ ಅಲಗಿನ ಚೂರಿ ಒರೆಸಹಿತವಾಗಿ ಕನ್ನಡಕದ ಪೆಟ್ಟಿಗೆಯಷ್ಟೂ ಜಾಗ ಬೇಡುವುದಿಲ್ಲ.

‘ಒರೆಯಲ್ಲಿ ಚೂರಿ ಇಟ್ಟುಕೊಳ್ಳುವುದು ನಮ್ಮ ಸಂಸ್ಕೃತಿಯಲ್ಲ’ ಎಂಬ ಆಕ್ಷೇಪವೂ ಅಂದು ಬಂದಿತ್ತು. ಯಾರ ಸಂಸ್ಕೃತಿಯಲ್ಲ? ಮಲೆನಾಡಿನ ಅಡಿಕೆ ತೋಟದವರು ಸೊಂಟಕ್ಕೆ ಕಟ್ಟಿದ ಮರದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಮನೆಯಿಂದ ಹೊರಡುತ್ತಾರೆ. ಕೊಡವರು ಮದುವೆಯ ದಿನ ಪೀಚೆಕತ್ತಿಯನ್ನು ಸೊಂಟದಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ ಧರಿಸುತ್ತಾರೆ. ಚಪ್ಪಲಿ ಹೊಲಿಯುವವರ ರಂಪಿಗೆಗೂ ಕೀಲಿಲ್ಲ. ‘ಸುರಗಿ’ ಎಂಬ ಹಳೆಯ ಮಾತು ನಮ್ಮ ನಿಘಂಟುಗಳಲ್ಲಿ ಇಂದಿಗೂ ಇದೆ. ಊರು ಬಿಟ್ಟು ಬಂದ ನಾವು ಇವನ್ನು ಮರೆತು, ಮರೆವನ್ನೇ ಸಭ್ಯತೆ ಎಂದು ಕರೆಯುತ್ತಿದ್ದೇವೆ. ದಿಲ್ಲಿಯ ಓದುಗರ ನೆರೆಹೊರೆಯಲ್ಲೇ ಕಿರ್ಪಾನು ಧರಿಸಿ ಓಡಾಡುವವರಿದ್ದಾರೆ. ಆ ಹಕ್ಕನ್ನು ಸಂವಿಧಾನದ 25ನೆಯ ವಿಧಿಯ ವಿವರಣೆಯೇ ಮಾನ್ಯ ಮಾಡಿದೆ. ಅದು ಧರ್ಮದ ಸಂಕೇತ, ನಮ್ಮದು ಬರಿಯ ಸಲಕರಣೆ ಎಂಬ ವ್ಯತ್ಯಾಸವನ್ನು ಒಪ್ಪುತ್ತೇವೆ. ಒರೆಯಲ್ಲಿರುವ ಅಲಗು ತನ್ನಷ್ಟಕ್ಕೇ ಭಯಂಕರವಲ್ಲ ಎಂಬುದಕ್ಕಷ್ಟೇ ಆ ನಿದರ್ಶನ.

ಇನ್ನು ಪುಂಡರ ಆಯುಧದ ವಿಚಾರ. ಹಿಂದಿ ಚಿತ್ರಗಳನ್ನು ನೋಡುತ್ತ ಬೆಳೆದವರಿಗೆ ಖಳನ ಕೈಯ ರಾಂಪುರಿಯನ್ನು ನೆನಪಿಸಬೇಕಾಗಿಲ್ಲ. ‘ಖಟ್’ ಎಂದು ತೆರೆದುಕೊಳ್ಳುತ್ತಿದ್ದ ಆ ರಾಂಪುರಿ ಮಡಚುವ ಚಾಕು! 1990ರ ದಶಕದಲ್ಲಿ ಉತ್ತರ ಪ್ರದೇಶ ಸರಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ರಾಂಪುರಿಗಳನ್ನು ನಿಷೇಧಿಸಿತು. ಕಾನೂನಿನ ಕಣ್ಣು ಎಲ್ಲಿ ಬಿದ್ದಿದೆ ಎಂಬುದನ್ನೂ ನೋಡಿ. 1959ರ ಆಯುಧ ಕಾಯಿದೆಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಹೆಸರಿಸುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಉದ್ಯಮಗಳಿಗೆಂದು ಮಾಡಿದವನ್ನು ಅಲ್ಲಿಯೂ ಹೊರಗಿಡುತ್ತವೆ. ಆದರೆ ದಿಲ್ಲಿ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆಯು ಗುಂಡಿ, ಸ್ಪ್ರಿಂಗು ಮೊದಲಾದ ಯಂತ್ರೋಪಾಯದಿಂದ ತೆರೆಯುವ ಚಾಕುಗಳಿಗೆ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದಿಂದಲೇ ಕಡಿವಾಣ ಹಾಕಿತು. ಅವಿತಿದ್ದು ಚಿಮ್ಮಿ ಬರುವ ಅಲಗನ್ನು ಕಂಡು ಆಡಳಿತವೇ ಹೆಚ್ಚು ಎಚ್ಚರ ವಹಿಸಿರುವಾಗ, ಒರೆಯಲ್ಲಿ ಬಹಿರಂಗವಾಗಿ ಕುಳಿತ ಅಲಗನ್ನು ಕಂಡು ನಾವೇಕೆ ಬೆಚ್ಚಬೇಕು?

ಕಾನೂನಿನ ಮಾತು ಬಂದ ಮೇಲೆ ಮಿತಿಯ ಮಾತೂ ಬರಲೇಬೇಕು. ಮುಂಬಯಿಯಲ್ಲಿ ಪೊಲೀಸರು ಕಾಲಕಾಲಕ್ಕೆ ಹೊರಡಿಸುವ ನಿಷೇಧಾಜ್ಞೆಗಳು ಮಡಚುವ-ಮಡಚದ ಭೇದವನ್ನು ಲೆಕ್ಕಿಸುವುದಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಎರಡಕ್ಕೂ ಎಡೆಯಿಲ್ಲ. ಅಂಥಲ್ಲಿ ಚೂರಿ ಮನೆಯಲ್ಲೇ ಉಳಿಯಬೇಕು. ಜನಜಂಗುಳಿಯಲ್ಲಿ ಅದನ್ನು ಹೊರತೆಗೆಯದಿರುವುದು, ಮಕ್ಕಳ ಕೈಗೆ ಸಿಗದಂತೆ ಇಡುವುದು, ಇನ್ನೊಬ್ಬರಿಗೆ ಕೊಡುವಾಗ ಹಿಡಿಯನ್ನು ಅವರ ಕಡೆಗೆ ತಿರುಗಿಸುವುದು ಇಟ್ಟುಕೊಂಡವರ ಹೊಣೆ.

ಇಷ್ಟು ಸಣ್ಣ ವಸ್ತುವಿಗಾಗಿ ಇಷ್ಟು ದೊಡ್ಡ ಜಗಳವೇಕೆ ಎಂದು ಕೇಳಬಹುದು. ಕಾರಣವನ್ನು ನಾವು ವಾಸಿಸುವ ಸಂಕೀರ್ಣವೊಂದರ ಗೇಟಿನಲ್ಲಿ ಕಂಡೆವು. ದುರಸ್ತಿಗೆಂದು ಬಂದ ಎಲೆಕ್ಟ್ರಿಷಿಯನ್ ಹುಡುಗನ ಚೀಲದಲ್ಲಿ ಟೇಪು ಸುತ್ತಿದ ಹಿಡಿಯ ಗಿಡ್ಡ ಚೂರಿಯೊಂದು ಸಿಕ್ಕಿತು. ಕಾವಲಿನವರು ಅದನ್ನು ಗೇಟಿನಲ್ಲೇ ಇರಿಸಿಕೊಂಡರು. ಹುಡುಗ ಮೇಲೆ ಬಂದು ತಂತಿಯ ಹೊದಿಕೆಯನ್ನು ಹಲ್ಲಿನಿಂದ ಕಚ್ಚಿ ಸುಲಿದ. ಅದೇ ಗೇಟಿನಲ್ಲಿ ಬೀಗದಕೈ ಗೊಂಚಲಿಗೆ ವಿದೇಶಿ ಮಡಚು ಚಾಕು ತೂಗುಬಿಟ್ಟುಕೊಂಡು ನಾವು ದಿನಕ್ಕೆರಡು ಸಲ ಹಾದುಹೋಗುತ್ತೇವೆ, ನಮ್ಮನ್ನು ತಡೆದವರಿಲ್ಲ.

ಕಾವಲಿನವರನ್ನು ದೂರಿ ಫಲವಿಲ್ಲ, ಆ ನಿಯಮ ಮಾಡಿದ ಸಭೆಯಲ್ಲಿ ಕೈ ಎತ್ತಿದವರು ನಾವೇ. ಮಡಚದ ಚೂರಿ ದುಡಿಯುವವರ ಸೊಂಟದಲ್ಲಿ, ಚೀಲದಲ್ಲಿ ಇರುವಂಥದ್ದು. ಅದರ ಮೇಲಿನ ನಮ್ಮ ಅನುಮಾನ ಉಕ್ಕಿನ ಮೇಲಿನದಲ್ಲ, ಅದನ್ನು ಹಿಡಿದ ಕೈಯ ಮೇಲಿನದು. ಮುಂದಿನ ಸಭೆಯಲ್ಲಿ ಆ ನಿಯಮವನ್ನು ತಿದ್ದಬೇಕೆಂದು ನಾವು ಬರೆದುಕೊಟ್ಟಿದ್ದೇವೆ: ಕೆಲಸಕ್ಕೆ ಬಂದವರ ಸಲಕರಣೆಯನ್ನು ಗೇಟಿನಲ್ಲಿ ಕಿತ್ತುಕೊಳ್ಳತಕ್ಕದ್ದಲ್ಲ. ಓದುಗರೂ ತಮ್ಮ ತಮ್ಮ ಗೇಟುಗಳ ನಿಯಮವನ್ನು ಒಮ್ಮೆ ಓದಿ ನೋಡಲಿ. ಬರುವ ವಿಹಾರದಲ್ಲಿ ಅನಾನಸು ಹೆಚ್ಚುವುದು ಒರೆಯ ಚೂರಿಯಿಂದಲೇ.