ಒಕ್ಕಲಿನ ವಂಶವೃಕ್ಷ

ಕೆನಡ ದೇಶದ ಕ್ವಿಬೆಕ್ ಪ್ರಾಂತದ ಫ್ರೆಂಚ್ ರೈತನ ಪೂರ್ವಜರನ್ನು ಹದಿನೇಳನೆಯ ಶತಮಾನದವರೆಗೂ ಅರಸಬಹುದು. ಇಗರ್ಜಿಗಳ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಗಳು ಅಲ್ಲಿ ಉಳಿದಿವೆ. ನಮ್ಮ ಕನ್ಯಾನದ ಗೇಣಿ ಒಕ್ಕಲಿಗೆ ಅಂತಹ ಆಧಾರವೆಲ್ಲಿ? ಹಳೆಯ ಭೂದಾಖಲೆಗಳಲ್ಲಿ ಒಡೆಯನ ಹೆಸರುಂಟು, ಉತ್ತವನದು ವಿರಳ. 1974ರ ಭೂಸುಧಾರಣೆಯ ಅರ್ಜಿಗಳಲ್ಲಿ ಅವನು ಕಾಣಸಿಗಬಹುದು. ಅದಕ್ಕೂ ಹಿಂದಕ್ಕೆ ಅಜ್ಜಿಯ ನೆನಪೇ ದಾರಿ.

ಅಳಿಯಸಂತಾನದ ಮನೆತನಗಳಲ್ಲಿ ‘ಬಳಿ’ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಜೀವಕೋಶದ ಮೈಟೊಕಾಂಡ್ರಿಯದ ಡಿಎನ್‌ಎ ಸಹ ಹಾಗೆಯೇ. ಆದರೆ ಅದು ಒಂದೇ ಗೆರೆ. ಹತ್ತು ತಲೆಮಾರು ಹಿಂದೆ ಪ್ರತಿಯೊಬ್ಬರಿಗೂ 1024 ಪೂರ್ವಜಸ್ಥಾನಗಳುಂಟು. ಕುಲದ ಹೆಮ್ಮೆಗೆ ಈ ಲೆಕ್ಕವೇ ಮದ್ದು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿಯೇ ಹಿರಿಯರನ್ನು ಕೇಳಿ ಬರೆದಿಡಿರಿ. ಕೇಳಿದ್ದನ್ನೂ ದಾಖಲೆಯಲ್ಲಿ ಕಂಡದ್ದನ್ನೂ ಬೇರೆಬೇರೆಯಾಗಿ ಗುರುತಿಸಿರಿ. ವಿಜ್ಞಾನದ ಮೊದಲ ಪಾಠ ಅದೇ.