ಪೊಟರೆಯ ತುಡುವೆ, ಎತ್ತರದ ಹೆಜ್ಜೇನು

ಬೆಂಗಳೂರಿನ ಹೆಬ್ಬಾಳದಿಂದ ಯಲಹಂಕದವರೆಗೆ ಸಾಲುಗಟ್ಟಿರುವ ಬಹುಮಹಡಿ ಕಟ್ಟಡಗಳಲ್ಲಿ ಹೆಜ್ಜೇನು ಗೂಡು ಅಪರೂಪವಲ್ಲ; ಗೂಡು ಕಂಡೊಡನೆ ಕೀಟನಾಶಕ ಸಿಂಪಡಿಸುವವರನ್ನು ಕರೆಸುವುದೂ ಅಪರೂಪವಲ್ಲ. ಕನಿಕರವುಳ್ಳವರು ‘ಕೊಲ್ಲಬೇಡಿ, ಪೆಟ್ಟಿಗೆಯಲ್ಲಿಟ್ಟು ಒಯ್ಯಿರಿ’ ಎನ್ನುತ್ತಾರೆ. ಸದಾಶಯದ ಈ ಮಾತಿನಲ್ಲೂ ಒಂದು ತಪ್ಪಿದೆ. ಅದು ತುಡುವೆಯ ಗುಣವನ್ನು ಹೆಜ್ಜೇನಿಗೆ ಆರೋಪಿಸುತ್ತದೆ.

ವಿಜ್ಞಾನಿಗಳು ಏಪಿಸ್ ಸೆರಾನ ಎಂದು ಕರೆಯುವ ತುಡುವೆ ಕತ್ತಲೆಯ ವಾಸಿ. ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಕಲ್ಲಿನ ಸಂದಿನಲ್ಲಿ ಒಂದರ ಪಕ್ಕದಲ್ಲೊಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಆದ್ದರಿಂದಲೇ ಮಲೆನಾಡಿನ ಹಿತ್ತಲಿನ ಪೆಟ್ಟಿಗೆ ಅದಕ್ಕೆ ಇನ್ನೊಂದು ಪೊಟರೆಯಾಯಿತು. ಏಪಿಸ್ ಡಾರ್ಸೇಟ ಎಂಬ ಹೆಜ್ಜೇನಿಗೆ ಬಯಲೇ ಮನೆ. ಎತ್ತರದ ಕೊಂಬೆ ಅಥವಾ ಬಂಡೆಯ ಅಂಚಿನಿಂದ ಒಂದೇ ದೊಡ್ಡ ಎರಿಯನ್ನು ಇಳಿಬಿಟ್ಟು, ಸಾವಿರಾರು ನೊಣಗಳು ಮೈಗೆ ಮೈ ತಾಗಿಸಿ ಅದಕ್ಕೆ ಹೊದಿಕೆಯಾಗುತ್ತವೆ. ನಗರದ ಸಜ್ಜೆ ಅದರ ಪಾಲಿಗೆ ಬಂಡೆಯ ಅಂಚೇ. ಹೂವಿನ ಕಾಲ ಮುಗಿದರೆ ಎರಿಯನ್ನು ತೊರೆದು ಹೊರಡುತ್ತದೆ. ನೂರು ಕಿಲೋಮೀಟರಿಗೂ ಮೀರಿದ ವಲಸೆ ಅದಕ್ಕೆ ಸಹಜ. ಇಂತಹ ಜೀವಿಯನ್ನು ಪೆಟ್ಟಿಗೆಗೆ ಪಳಗಿಸಲಾಗದು. ಎರಿ ಕೊಯ್ದು ‘ಸ್ಥಳಾಂತರ’ ಮಾಡಿದೆವೆಂದರೆ ಮರಿಗಳನ್ನು ಕೊಂದೆವೆಂದೇ ಅರ್ಥ.

ಇದು ನಗರದವರ ವಿಷಯವೆಂದು ಬೆಟ್ಟದವರು ಸುಮ್ಮನಿರುವಂತಿಲ್ಲ. ರೋಬಸ್ಟಾ ಕಾಫಿಗಿಡ ತನ್ನದೇ ಪರಾಗದಿಂದ ಕಾಯಿಗಟ್ಟದು. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು. 1991-92ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಹರಡಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಒಂದೇ ಜೇನನ್ನು ನೆಚ್ಚಿ ಕೂರಬಾರದೆಂಬ ಪಾಠವನ್ನು ಮಲೆನಾಡು ಅಂದೇ ಕಲಿತಿದೆ. ತುಡುವೆಯನ್ನು ಸಾಕಿ ಉಳಿಸಬಹುದು. ಸಾಕಲಾಗದ ಹೆಜ್ಜೇನನ್ನು ಉಳಿಸಲು ಅದು ತಂಗುವ ಎಲ್ಲ ಊರುಗಳಲ್ಲೂ ಸಹನೆ ಬೇಕು.

ಹೆಜ್ಜೇನಿನ ಕುಟುಕು ಪ್ರಾಣಾಂತಕವಾಗಬಲ್ಲದು, ನಿಜ. ಮಕ್ಕಳು ಓಡಾಡುವ ಬಾಗಿಲಿಗೇ ಗೂಡು ಕಟ್ಟಿದರೆ ಅನುಭವಸ್ಥರು ಕೈಹಾಕಬೇಕಾದೀತು. ಆದರೆ ಹತ್ತನೆಯ ಮಹಡಿಯ ಗೂಡಿಗೆ ವಿಷವೇಕೆ? ಕಲ್ಲು, ಹೊಗೆ, ಪಟಾಕಿಗಳಿಂದ ಕೆಣಕದಿರುವುದು, ರಾತ್ರಿ ಹತ್ತಿರದ ದೀಪ ಆರಿಸುವುದು, ಕೆಲವು ತಿಂಗಳು ಕಾಯುವುದು — ಇಷ್ಟು ಸಾಕು. ಇದೇ ರಸ್ತೆಯಲ್ಲಿರುವ ಜಿಕೆವಿಕೆ ಆವರಣ 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಲ್ಲಿನ ಮರಗಳಿಗೆ ಸಂದ ಗೌರವ, ಆ ಮರಗಳ ಹೂವನ್ನು ಅರಸಿ ಬರುವ ನೊಣಕ್ಕೂ ಸಲ್ಲಬೇಕು. ಬೆಟ್ಟದಿಂದ ನಗರಕ್ಕೆ ಓದಲು ಹೋದ ಮಕ್ಕಳು ತಮ್ಮ ವಸತಿಗೃಹಗಳಲ್ಲಿ ಈ ಮಾತನ್ನು ಮೊದಲು ಆಡಲಿ.