ತಲೆಗೂದಲ ವರ್ಗಾವಣೆ

ಮಕ್ಕಳೇ, ನಮ್ಮಣ್ಣನ ಮಗ ಕೂದಲು ನಾಟಿ ವಿಚಾರಿಸಲು ಹೆಬ್ಬಾಳಕ್ಕೆ ಹೊರಟಿದ್ದಾನೆ. ಮೂರು ತಿಂಗಳಿಗೆ ಮದುವೆ. ನಾನು ನಾಲ್ಕು ಪ್ರಶ್ನೆ ಬರೆದುಕೊಟ್ಟಿದ್ದೇನೆ.

ಒಂದು: ಹಿಂದಲೆಯಲ್ಲಿ ಕೂದಲು ಸಾಕಷ್ಟಿದೆಯೇ? ಅಲ್ಲಿಂದ ತೆಗೆದೇ ಮುಂದೆ ನೆಡುವುದು. ಬ್ಯಾಂಕಿನ ಲೆಕ್ಕದಲ್ಲಿ ಇದು ಬರೀ ವರ್ಗಾವಣೆ, ಹೊಸ ಠೇವಣಿಯಲ್ಲ.

ಎರಡು: ಮಾಡುವವರು ಯಾರು, ವೈದ್ಯರ ನೋಂದಣಿ ಸಂಖ್ಯೆ ಎಷ್ಟು? ಯೂಟ್ಯೂಬ್ ನೋಡಿ ಕಲಿತರೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಮೂರು: ಮರಗಟ್ಟಿಸುವ ಮದ್ದು ಒಗ್ಗದಿದ್ದರೆ ತುರ್ತು ವ್ಯವಸ್ಥೆ ಇದೆಯೇ? ನಮ್ಮ ದೇಶದಲ್ಲಿ ಈ ಚಿಕಿತ್ಸೆಯಿಂದ ಜೀವ ಹೋದದ್ದೂ ಉಂಟು.

ನಾಲ್ಕು: ಫಲ ಯಾವಾಗ? ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿ, ಆಮೇಲೆ ಚಿಗುರುತ್ತದೆ. ತುಂಬಿ ಕಾಣಲು ಸುಮಾರು ಒಂದು ವರ್ಷ ಬೇಕು. ಮುಹೂರ್ತಕ್ಕೆ ಬೆಳೆ ಸಿಗದು!

ಅಜ್ಜ ಅಜ್ಜಿಯರೇ, ನಿಮ್ಮ ಮನೆ ಹುಡುಗರಿಗೂ ಹೇಳಿ: ಪ್ರಶ್ನೆಗೆ ಬೇಸರಪಡುವವರಿಗೆ ತಲೆ ಕೊಡಬಾರದು.